ಹಸಿರು ಬೋರ್ಡು

"ನನ್ನ ಕೆಲಸಕ್ಕೆ ಕೈ ಹಾಕಿದ್ದು ನೀನೇ ತಾನೆ? ನನ್ನ ಮುಖ ನೋಡಿ ಹೇಳೋ."

"ಮೆಲ್ಲಗೆ ಮಾತಾಡಕ್ಕ. ಇಲ್ಲಿ ನಾನು ನಿನ್ನ ತಮ್ಮ ಅಲ್ಲ, ಮ್ಯಾನೇಜರ್."

"ಆಯ್ತು ಮ್ಯಾನೇಜರ್ ಸಾಹೇಬ್ರೇ, ರಿಪೇರಿನೇ ಆಗದ ದೂರನ್ನ ರಿಪೇರಿ ಆಯ್ತು ಅಂತ ಯಾಕೆ ಮುಚ್ಚಿದ್ರಿ?"

ಸುತ್ತಲಿದ್ದವರು ಕೀಲಿಮಣೆ ಕುಟ್ಟುವುದನ್ನು ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡರು. ಆ ಕಂಪನಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಈ ದೂರು ಬಂದದ್ದು ಒಂದು ಆಸ್ಪತ್ರೆಯ ವಾರ್ಡಿನಿಂದ. ರೋಗಿಯ ಔಷಧಿ ಪಟ್ಟಿ ಪ್ರಿಂಟ್ ಆಗುವಾಗಲೇ ಯಾರಾದರೂ ಕಂಪ್ಯೂಟರಿನಲ್ಲಿ ಅವನ ಹಾಸಿಗೆ ನಂಬರು ಬದಲಿಸಿದರೆ, ಪಟ್ಟಿಯ ಕೊನೆಯ ಔಷಧಿ ಮಾಯವಾಗುತ್ತಿತ್ತು. ಪ್ರತಿ ಸಲವೂ ಅಲ್ಲ, ಅದಕ್ಕೆ ಮನಸ್ಸು ಬಂದಾಗ. ಅದರ ಬೆನ್ನು ಹತ್ತಿ ಅಕ್ಕನಿಗೆ ತಿಂಗಳು ದಾಟಿತ್ತು. ಈ ವಾರವಷ್ಟೇ ಅದರ ಜುಟ್ಟು ಕೈಗೆ ಸಿಗುವ ಹಾಗಿತ್ತು.

ಗೋಡೆಯ ಮೇಲಿನ ದೊಡ್ಡ ಡಿಜಿಟಲ್ ಬೋರ್ಡಿಗೆ ಅದೆಲ್ಲ ಬೇಕಿರಲಿಲ್ಲ. ದೂರು ಬಂದು ಎಷ್ಟು ದಿನವಾಯಿತು ಎನ್ನುವುದೊಂದೇ ಅದರ ಲೆಕ್ಕ. ಹೊಸದು ಹಸಿರು, ಹಳತು ಕೆಂಪು.

"ಸಂಜೆ ಮೇಲಿನವರು ಬರ್ತಾರೆ. ಇಡೀ ಬೋರ್ಡಲ್ಲಿ ಕೆಂಪಗಿದ್ದದ್ದು ನಿನ್ನದೊಂದೇ. ನಾಳೆ ಹೊಸದಾಗಿ ತೆರೆದುಕೊಡ್ತೀನಿ. ನಿನ್ನ ಗಂಟೇನು ಹೋಗುತ್ತೆ?"

"ಹಾಗಾದ್ರೆ ನನ್ನ ಹುಟ್ಟಿದ ದಿನಾನೂ ತಿದ್ದಿಬಿಡಪ್ಪ, ಮೊಣಕಾಲು ನೋವಾದ್ರೂ ಹೋಗ್ಲಿ." ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. "ನೀನು ಮುಚ್ಚಿದ ಕೂಡ್ಲೇ ವಾರ್ಡಿಗೆ ಸರಿಹೋಗಿದೆ ಅಂತ ತಾನಾಗೇ ಮೆಸೇಜ್ ಹೋಗಿದೆ. ಈಗ ಅಲ್ಲಿನ ಸಿಸ್ಟರ್ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು. ಇಷ್ಟು ದಿನ ಡಾಕ್ಟರ್ ಬರೆದಿದ್ದರ ಜೊತೆ ಪಟ್ಟಿ ತಾಳೆ ನೋಡ್ತಿದ್ರಂತೆ. ಇವತ್ತಿಂದ ಬಿಟ್ಟಿದ್ದಾರೆ."

ತಮ್ಮನ ಮುಖ ಸಪ್ಪಗಾಯಿತು. ಕಣ್ಣು ಮಾತ್ರ ಬೋರ್ಡಿನ ಕಡೆಗೇ ಹೋಯಿತು. "ಸಂಜೆ ತನಕ ಸುಮ್ನಿರಕ್ಕ, ನಿನ್ನ ದಮ್ಮಯ್ಯ."

ಅವನಿಗೆ ಈ ಕೆಲಸ ಕಲಿಸಿದವಳು ಅವಳೇ. ತಪ್ಪಾಗಿದ್ದರೆ ಮೊದಲು ಬಾಯಿಬಿಟ್ಟು ಹೇಳು ಎಂದು ತಲೆಗೆ ಮೊಟಕಿ ಹೇಳಿದ್ದಳು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಲಿತಿದ್ದ.

ಅವಳು ನಿಂತಲ್ಲಿಂದಲೇ ಫೋನ್ ಮಾಡಿದಳು. "ಸಿಸ್ಟರ್, ಅದು ಸರಿಹೋಗಿಲ್ಲ. ನಾವು ಕಳಿಸಿದ ಮೆಸೇಜು ಸುಳ್ಳು. ಮೊದಲಿನ ಹಾಗೇ ತಾಳೆ ನೋಡಿ. ದೂರು ಇನ್ನೊಂದ್ಸಲ ಹಾಕಿ."

"ಗಿರಾಕಿಗಳ ಹತ್ರಾನೇ ಸುಳ್ಳು ಅಂತ ಹೇಳ್ತೀಯಾ? ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ..." ಕೂಗಾಡುತ್ತಿದ್ದವನು ಅಷ್ಟಕ್ಕೇ ನಿಲ್ಲಿಸಿದ. ಬೋರ್ಡಿನಲ್ಲಿ ಹೊಸ ಸಾಲೊಂದು ಮೂಡಿತ್ತು. ಅದೇ ವಾರ್ಡು, ಅದೇ ದೂರು. ಬಂದದ್ದು ಇವತ್ತು, ಬಣ್ಣ ಹಸಿರು.

ಅವನ ಮುಖ ಅರಳಿತು. "ನೋಡಕ್ಕ, ಸುಮ್ನೆ ಜಗಳ ಆಡಿದ್ವಿ. ಹಸಿರೇ ಇದೆ. ನಿನ್ನ ಹೆಸರಿಗೇ ಹಾಕ್ಲಾ?"

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಬೈದರೆ ನಾಟುವುದಾದರೂ ಯಾರಿಗೆ? ಅವಳು ಕೂತು, ಇಷ್ಟು ದಿನ ಕಂಡುಕೊಂಡದ್ದನ್ನೆಲ್ಲ ಆ ದೂರಿನ ಕೆಳಗೆ ಬರೆದಳು. ಆಮೇಲೆ ಕೊರಳಿನ ಆಫೀಸ್ ಕಾರ್ಡು ತೆಗೆದು ಅವನ ಮೇಜಿನ ಮೇಲಿಟ್ಟು ಹೊರಟಳು.

"ನಾಳೆ ಕಾರ್ಡಿಲ್ದೆ ಒಳಗೆ ಹೇಗೆ ಬರ್ತೀಯ?"

ಅವಳು ಬರಲಿಲ್ಲ.