ಜಯರಾಮುವಿನ ಮಗನ ದನಿ

ಶಿಬಿರದ ಮೊದಲ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಆಚೆ ಹುಡುಗರು ಒಬ್ಬೊಬ್ಬರಾಗಿ ಮೈಕಿನಲ್ಲಿ ಪರಿಚಯ ಹೇಳಿಕೊಳ್ಳುತ್ತಿದ್ದರು. "ಆತ್ಮೀಯ ಬಂಧುಗಳೇ" ಎಂದು ಒಂದು ದನಿ ಎಳೆಯಿತು. ಸೌಟು ಕೈಯಲ್ಲೇ ನಿಂತಿತು.

ಆ ದನಿ ನನಗೆ ಗೊತ್ತು. ಕೊರೊನಾ ವರ್ಷ ನಾನೂ ನನ್ನ ಗಂಡ ಇಸಾಕರೂ ಬರಗೂರು ದಾಟಿ ಒಂದು ಹಳ್ಳಿಯಲ್ಲಿ ಮೊಪೆಡ್ ನಿಲ್ಲಿಸಿಕೊಂಡು ದಾಳಿಂಬೆ ಮಾರುತ್ತಿದ್ದೆವು. ಒಂದು ಆಟೋ ಬಂತು. "ಆತ್ಮೀಯ ಬಂಧುಗಳೇ, ಸಾಬರ ಹತ್ತಿರ ಹಣ್ಣು ಕೊಳ್ಳಬೇಡಿ. ಎಂಜಲು ಹಚ್ಚಿ ರೋಗ ಹರಡುತ್ತಾರೆ." ರೆಕಾರ್ಡ್ ಮಾಡಿದ ದನಿ, ಬೀದಿಬೀದಿ ಸುತ್ತಿತು. 'ಇಸಾಕಣ್ಣ' ಎನ್ನುತ್ತಿದ್ದ ಹೆಂಗಸರೇ ಸೆರಗಿನ ಹಣ್ಣನ್ನು ಬುಟ್ಟಿಗೆ ಸುರಿದು ಕೈ ತೊಳೆಯಲು ಓಡಿದರು. ಅವತ್ತಿನಿಂದ ಇಸಾಕರು ಹಣ್ಣು ಕೂಗಿ ಮಾರಿಲ್ಲ. ಶಿರಾದಲ್ಲಿ ತಮ್ಮ ಅಣ್ಣನ ಮಂಡಿಯ ಹಿಂದಿನ ಕೋಣೆಯಲ್ಲಿ ಮೂಟೆ ಹೊಲಿಯುತ್ತಾರೆ. ಮನೆಯಲ್ಲೂ ಅವರ ಮಾತು ಕೇಳಬೇಕಾದರೆ ಹತ್ತಿರ ಕೂರಬೇಕು.

ಜಾತಿ, ಧರ್ಮದ ಭೇದದ ವಿರುದ್ಧ ನಿಲ್ಲಬೇಕೆನ್ನುವ ಹುಡುಗ ಹುಡುಗಿಯರಿಗಾಗಿ ನಾನೂ ಟೀಚರ್ ಯಶೋದಳೂ ಶಿರಾದಲ್ಲಿ ವರ್ಷಕ್ಕೊಂದು ವಾರ ನಾಯಕತ್ವ ಶಿಬಿರ ನಡೆಸುತ್ತೇವೆ. ಮಧುಗಿರಿ, ಪಾವಗಡದಿಂದಲೂ ಬರುತ್ತಾರೆ. ನನ್ನ ಮಗಳು ಬುಷ್ರಾ ಕರೆಯುವುದನ್ನು ಕೇಳಿ ಎಲ್ಲರಿಗೂ ನಾನು ಅಮ್ಮಿ. ದನಿಯ ಹುಡುಗ ಕಿರಣ್ ಕುಮಾರ್, ಅದೇ ಹಳ್ಳಿಯ ಗೊಬ್ಬರದಂಗಡಿ ಜಯರಾಮುವಿನ ಮಗ. ಸಂಜೆ ಪಾತ್ರೆ ತೊಳೆಯಲು ಬಂದ.

"ಯಾವಾಗಿಂದಪ್ಪ ಮೈಕಲ್ಲಿ ಮಾತಾಡ್ತೀಯ?"

"ಹೈಸ್ಕೂಲಿಂದ ಅಮ್ಮೀ. ಊರಿನ ಅನೌನ್ಸ್‌ಮೆಂಟ್ ಎಲ್ಲಾ ನಮ್ಮಪ್ಪ ನನ್ ಕೈಲೇ ಹೇಳುಸ್ತಿದ್ರು."

"ಕೊರೊನಾದಾಗೂ?"

"ಹೂಂ, ಅವಾಗ ಏನೇನೋ ಹೇಳ್ಸುದ್ರು. ಅದೆಲ್ಲ ಬುಡಿ, ಹಳೇದು."

ಮತ್ತೆ ಕೇಳಲಿಲ್ಲ. ಆದರೆ ನಾನು ಬಿಡಲಿಲ್ಲ.

ಎರಡು ದಿನಕ್ಕೆ ಅವನ ಗಂಟಲು ಕಟ್ಟಿತು. ಮೆಣಸು, ಶುಂಠಿ ಕುಟ್ಟಿ ಕಷಾಯ ಕೊಟ್ಟೆ, ಮಲಗುವಾಗ ಅರಿಸಿನದ ಹಾಲು ಕೊಟ್ಟೆ. "ನಂಗೆ ಜ್ವರ ಬಂದ್ರೂ ಇಷ್ಟು ಮಾಡಲ್ಲ ನೀನು" ಎಂದು ಬುಷ್ರಾ ಗೊಣಗಿದಳು. ಅವಳಿಗೇನು ಗೊತ್ತು? ಆ ಗಂಟಲು ನನಗೆ ಬೇಕಿತ್ತು.

ಕೊನೆಯ ದಿನ ಒಂದು ಹಳ್ಳಿಗೆ ಹೋಗಿ, ಅಲ್ಲಿ ನಡೆದ ಅನ್ಯಾಯವನ್ನು ಆಟೋ ಮೈಕಿನಲ್ಲಿ ಊರಿಗೇ ಕೇಳುವಂತೆ ಹೇಳುವುದು ನಮ್ಮ ಪದ್ಧತಿ. ಮಾತಾಡಲು ಹುಡುಗರು ಕಿರಣ್‌ನನ್ನು ಆರಿಸಿದರು. ಹಳ್ಳಿಯನ್ನು ನಾನು ಆರಿಸಿದೆ.

"ನಮ್ಮೂರಾ? ಹೋಟೆಲಲ್ಲಿ ಜಾತಿ ನೋಡಿ ಬೇರೆ ಲೋಟ ಇಡೋ ವಿಷಯನಾ ಅಮ್ಮೀ?"

"ಅಲ್ಲೇ ಹೇಳ್ತೀನಿ ನಡಿ."

ಆಟೋವನ್ನು ಗೊಬ್ಬರದಂಗಡಿಯ ಮುಂದೆಯೇ ನಿಲ್ಲಿಸಿದೆ. ಜಯರಾಮು ಹಿಗ್ಗಿನಿಂದ ಹೊರಬಂದ. "ಬರ್ರಲಾ, ನನ್ ಮಗ ಭಾಷ್ಣ ಮಾಡ್ತಾನೆ!" ಹೆಂಗಸರು ಸೇರಿದರು. ನಾನು ಕಿರಣ್‌ನ ಕಿವಿಯಲ್ಲಿ ಹೇಳಿದೆ. "ಹಣ್ಣಿನ ಇಸಾಕ್ ನನ್ ಗಂಡ. ಅವತ್ತು ಇಲ್ಲೇ ನಿಂತಿದ್ದೆ ನಾನು. ಏನು ಹೇಳ್ದೆ, ಯಾರು ಹೇಳ್ಸುದ್ರು, ಎಲ್ಲ ಹೇಳು. ಆಗಲ್ಲ ಅಂದ್ರೆ ಮೈಕ್ ಇಲ್ಲಿ ಕೊಡು."

ಅವನು ಹೆದರಿ ಅಪ್ಪನ ಕಡೆ ನೋಡಿದ. ನನ್ನ ಹೊಟ್ಟೆ ತಣ್ಣಗಾಯಿತು.

ಮೈಕ್ ಕೊಡಲಿಲ್ಲ. "ಕೊರೊನಾದಲ್ಲಿ ಸಾಬರ ಹಣ್ಣು ಕೊಳ್ಳಬೇಡಿ ಅಂದಿದ್ದು ನನ್ನ ದನಿ. ಎಂಜಲು ಹಚ್ಚಿದ್ದನ್ನ ನಾನು ನೋಡಿರ್ಲಿಲ್ಲ. ನಮ್ಮಪ್ಪನೂ ನೋಡಿರ್ಲಿಲ್ಲ. ಅವರು ಹೇಳ್ಸುದ್ರು, ನಾನು ಹೇಳ್ದೆ. ಸುಳ್ಳು ಅದು."

"ಲೇ, ಆರ್ಸಲಾ ಅದ್ನ! ಮನೆ ಮಾತ್ನ ಬೀದಿಗ್ ತತ್ತೀಯೇನ್ಲಾ?"

"ಬೀದೀಲೇ ಅಲ್ವಾ ಜಯರಾಮು ಅವತ್ತೂ ಕೂಗ್ಸಿದ್ದು?" ಎಂದು ಮುದುಕಿ ಹೊನ್ನಕ್ಕ ನಕ್ಕಳು.

ಜಯರಾಮುವಿನ ಮುಖ ಇಳಿಯುವುದನ್ನು ಕಣ್ತುಂಬ ನೋಡಿದೆ. "ಇನ್ ಹೊಸ್ಲು ತುಳುದ್ರೆ ಕಾಲ್ ಮುರೀತೀನಿ" ಎಂದು ಮಗನಿಗೆ ಹೇಳಿ ಅಂಗಡಿಯ ಷಟರ್ ಎಳೆದುಕೊಂಡ.

ವಾಪಸು ಬರುವಾಗ ಕಿರಣ್ ಅಳುತ್ತಿದ್ದ. "ಇನ್ ಮನೆಗೆ ಹೋಗಂಗಿಲ್ಲ ಅಮ್ಮೀ."

"ಇಸಾಕರೂ ನಿಮ್ಮೂರಿಗೆ ಮತ್ತೆ ಬರಂಗಿರ್ಲಿಲ್ಲ" ಎಂದೆ. ನೀನು ಚೆನ್ನಾಗಿ ಮಾತಾಡಿದೆ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ಮಲಗಲು ಜಾಗ ನಮ್ಮ ಮನೆಯಲ್ಲಿದೆ, ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ ಎಂದು ಹೇಳಿ ಸೀದಾ ಮಂಡಿಗೆ ಕರೆದೊಯ್ದೆ.

ಇಸಾಕರು ಗೋಣಿಚೀಲ ಹೊಲಿಯುತ್ತಿದ್ದರು. ಕಿರಣ್ ಎದುರು ನಿಂತು, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ. ಅವರು ದಬ್ಬಣ ನಿಲ್ಲಿಸಲಿಲ್ಲ.

"ಕೇಳುಸ್ಲಿಲ್ಲ" ಎಂದರು. "ಗಟ್ಟಿಯಾಗಿ ಹೇಳು."

ಹೇಳಿದ. ಪಕ್ಕದ ಹಮಾಲಿಗಳು ತಿರುಗಿ ನೋಡಿದರು.

"ಇನ್ನೂ ಗಟ್ಟಿಯಾಗಿ" ಎಂದರು ಇಸಾಕರು. ಅವರ ದನಿ ಆ ಕೋಣೆ ದಾಟಿ, ಮಂಡಿ ದಾಟಿ, ರಸ್ತೆಗೆ ಕೇಳುವಷ್ಟಿತ್ತು.