ಯಾವ ಕಾಮೆಂಕಾ?

ಮುನೇಶ ರಷ್ಯಾದ ಮರದ ಕಾರ್ಖಾನೆಯೊಂದಕ್ಕೆ ಹೋಗಿ ಐದು ತಿಂಗಳಾಗಿತ್ತು. ಕರೆದುಕೊಂಡು ಹೋದ ಏಜೆಂಟ್ ಇಳಿದ ದಿನವೇ ಪಾಸ್‌ಪೋರ್ಟ್ ಕಸಿದುಕೊಂಡಿದ್ದ. ಗೇಟಿಗೆ ಹೊರಗಿನಿಂದ ಬೀಗ. ತಾನಿರುವ ಊರು ಯಾವುದೆಂದು ಅವನಿಗೇ ತಿಳಿಯದು. ಜೊತೆಯವನೊಬ್ಬ ಬಚ್ಚಿಟ್ಟಿದ್ದ ಫೋನಿನಿಂದ ಕೋಡಿಹಳ್ಳಿಯ ಅಕ್ಕ ಸುಚಿತ್ರಾಳಿಗೆ ಒಂದೇ ಒಂದು ಗುರುತು ಹೇಳಿದ್ದ: "ಹಿಂದ್ಗಡೆ ಒಂದ್ ಹೊಳೆ ಐತೆ ಕಣಕ್ಕ. ಕಾಮೆಂಕಾ ಅಂತಾರೆ."

ಸುಚಿತ್ರಾ ರಷ್ಯಾದಲ್ಲಿರುವ ಭಾರತದ ರಾಯಭಾರ ಕಚೇರಿಗೆ ಫೋನ್ ಮಾಡಿದಳು.

"ಯಾವ ಕಾಮೆಂಕಾ, ಮೇಡಂ?" ಎಂದರು ಅಲ್ಲಿನವರು. "ಆ ಹೆಸರಿನ ಹೊಳೆಗಳು ಈ ದೇಶದ ತುಂಬ ಇವೆ. ಇನ್ನೊಂದು ಗುರುತು ಕೊಡಿ, ಪೊಲೀಸರಿಗೆ ಬರೆಯುತ್ತೇವೆ."

ಅವಳು ಮ್ಯಾಪಿನಲ್ಲಿ ನೋಡಿದಳು. ಒಂದು ಕಾಮೆಂಕಾದಿಂದ ಇನ್ನೊಂದಕ್ಕೆ ಸಾವಿರಾರು ಕಿಲೋಮೀಟರ್. ತಮ್ಮನ ಕರೆ ಮತ್ತೆ ಬಂದರೆ ಕೇಳಬೇಕು. ಆದರೆ ಅವಳು ಕೆಲಸಕ್ಕಿದ್ದ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಯುವ ತನಕ ಫೋನು ಗೇಟಿನ ಲಾಕರಿನಲ್ಲೇ ಇರಬೇಕಿತ್ತು. ಎರಡು ದಿನ ಸಂಜೆ ತೆಗೆದು ನೋಡಿದರೆ ಎರಡು ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಸ್ವಿಚ್ ಆಫ್. ಅವ್ವ ಮಾರಕ್ಕ ಅನ್ನ ಬಿಟ್ಟಿದ್ದಳು.

ಮೂರನೆಯ ದಿನ ಸುಚಿತ್ರಾ ಊಟದ ಡಬ್ಬಿಯ ಚೀಲದಲ್ಲಿ ಫೋನಿಟ್ಟುಕೊಂಡು ಒಳಹೋದಳು. ಹನ್ನೊಂದರ ಹೊತ್ತಿಗೆ ಅದು ಗುರ್ ಎಂದಿತು. ಟಾಯ್ಲೆಟ್ಟಿಗೆ ಓಡಿ ಚಿಲಕ ಹಾಕಿಕೊಂಡಳು.

"ಮುನೇಶ, ಆ ಹೊಳೆ ಯಾವ ಕಡೀಕ್ ಹರೀತದ್ಲಾ?"

"ಹೆಪ್ಪುಗಟ್ ಕೂತೈತೆ ಕಣಕ್ಕ! ಹರೀತಿದ್ರೆ ತಾನೆ ಹೇಳೋದು?"

"ಮರ ತುಂಬ್ಕೊಂಡ್ ಹೋಗೋ ಲಾರಿ ಮ್ಯಾಲೆ ಏನಾರ ಬರ್ದೈತಾ?"

"ಐತೆ, ಇರು... ಇಂಗ್ಲಿಷ್ ಥರಾನೇ ಕಾಣ್ತದೆ. ಟಿ, ಓ, ಎಮ್, ಸಿ, ಕೆ. ಅಕ್ಕಾ, ಯಾರೋ ಬಂದ್ರು..."

ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದಂತೆ ಕರೆ ಕಡಿಯಿತು; ಟಾಯ್ಲೆಟ್ಟಿನ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಸೂಪರ್‌ವೈಸರ್ ರಾಧಾಮಣಿ ನಿಂತಿದ್ದಳು. ಸುಚಿತ್ರಾ ಕಾರಣವನ್ನೆಲ್ಲ ಹೇಳಿದಳು. ರಾಧಾಮಣಿಯ ಕಣ್ಣು ತುಂಬಿತು. ಆದರೂ, "ನೀನ್ ಫೋನ್ ಹಿಡ್ಕೊಂಡ್ ಓಡಿದ್ದು ಕ್ಯಾಮೆರಾದಲ್ಲಿ ಬಂದ್ಬುಟ್ಟೈತೆ ಕಣಮ್ಮ, ನನ್ ಕೈಲೇನಿಲ್ಲ" ಎಂದಳು. ಮಧ್ಯಾಹ್ನದೊಳಗೆ ಸುಚಿತ್ರಾಳ ಕೆಲಸ ಹೋಯಿತು.

ಅಕ್ಷರಗಳನ್ನು ರಾಯಭಾರ ಕಚೇರಿಗೆ ಕಳಿಸಿದಳು. ರಷ್ಯನ್ನರ ಲಿಪಿಯಲ್ಲಿ ಅದು ತೋಮ್ಸ್ಕ್ ಎಂಬ ಊರಿನ ಹೆಸರಂತೆ. ಹದಿನಾರು ದಿನದ ಮೇಲೆ ಪೊಲೀಸರು ಬೀಗ ಒಡೆದು ಏಳು ಜನರನ್ನು ಹೊರತಂದರು.

ಮುನೇಶ ಹಾಸ್ಟೆಲೊಂದರಿಂದ ವಿಡಿಯೋ ಕಾಲ್ ಮಾಡಿದ. ಹೊಸ ಕಾಗದಪತ್ರ ಬರುವ ತನಕ ಅಲ್ಲೇ ಇರಬೇಕು. ಕೆನ್ನೆಗಳು ಒಳಸೇರಿದ್ದವು.

"ಒಸಿ ಹೊರಗ್ ಹೋಗಿ ಬಿಸ್ಲಿಗ್ ನಿಂತ್ಕೊಳ್ಳೋ," ಎಂದಳು ಮಾರಕ್ಕ.

"ಬಾಗ್ಲು ತೆಗ್ದೇ ಐತೆ ಕಣವ್ವ," ಎಂದ ಮುನೇಶ. "ಹೊಸ್ಲು ದಾಟಾಕೆ ಕಾಲೇ ಬರ್ತಿಲ್ಲ."