ಜನ ಹೀಗಂತಾರೆ

ಕಿಟಕಿಯ ಬಿಸಿಲು ಸರಿದು ಸಿರಪ್ ಬಾಟಲಿಯ ಮೇಲೆ ಬಿತ್ತು, ಗುಲಾಬಿ ನೆರಳೊಂದು ಕೀಬೋರ್ಡಿನವರೆಗೂ ಬಂದು ನಿಂತಿತು, ಅಂದರೆ ಮೂರು ದಾಟಿದೆ, ನಾಲ್ಕಕ್ಕೆ ಹಳೆಯ ಪಟ್ಟಿ ಮುಚ್ಚುತ್ತದೆ, ಶೋಭಾರಾಣಿ ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು, ಮೂವತ್ತೇಳು ಹೆರಿಗೆ ಆಸ್ಪತ್ರೆಯಲ್ಲಿ ಇನ್ನೂ ಒಂಬತ್ತು ಬಾಕಿ — ಕೆಳಗೆ ಆಂಜಿನಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಕೊಯ್ಯುವ ಸದ್ದು, ಆಚೆ ಚಂದಾಪುರದ ಸರ್ಕಲ್ಲಿನಲ್ಲಿ ಕಾರ್ಖಾನೆ ಬಸ್ಸುಗಳ ಹಾರ್ನು, ಪರದೆಯ ಮೇಲೆ ಮಾತ್ರ ಒಂದೇ ಒಂದು ಖಾನೆ ಕೆಂಪಗೆ ಉರಿಯುತ್ತಿದೆ, ಜನ ಹೀಗಂತಾರೆ ಅನ್ನುವ ಖಾನೆ, ಇವಳೇ ಹೆಸರಿಟ್ಟದ್ದು, ಮೂರು ವರ್ಷ ಇವಳೇ ತುಂಬಿಸಿದ್ದು, ಕೆಂಪು ಅಂದರೆ ಹೊಸ ಸಾಫ್ಟ್‌ವೇರಿಗೆ ಬರುವುದಿಲ್ಲ ಅಂತ. ಉಳಿದದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಸಾವಿರದ ನೂರ ಎಂಬತ್ತಾರು ಆಸ್ಪತ್ರೆ, ಅಂಗನವಾಡಿ, ಆಶ್ರಯ ಮನೆ, ಎಲ್ಲದರ ವಿಳಾಸ, ಫೋನು, ಯಾವ ದಿನ ತೆರೆದಿರುತ್ತದೆ, ಆರು ತಿಂಗಳಿಗೊಮ್ಮೆ ಒಂದೊಂದಕ್ಕೂ ಫೋನು ಮಾಡಿ ಆ ಡಾಕ್ಟರು ಇನ್ನೂ ಇದ್ದಾರಾ, ಮಂಗಳವಾರವೇ ಬರ್ತಾರಾ ಎಂದು ಕೇಳಿ ಕೇಳಿ ಬಾಯಿ ಒಣಗಿದ್ದು ಹೋಗುತ್ತದೆ, ಈ ಸಹಾಯವಾಣಿಗೆ ಫೋನು ಮಾಡಿದವರ ಬಾಯಿಂದ ಬಂದ ಮಾತೊಂದು ಮಾತ್ರ ಹೋಗಬಾರದಂತೆ. ಹೇಗೆ ಹೋಗೋದಿಲ್ಲ, ನೋಡೇಬಿಡೋಣ ಅಂದುಕೊಂಡು ಅವಳು ಮುಂದಿನ ಸಾಲಿಗೆ ಇಳಿದಳು.

ಗಲೀಜು ಅಂದ ಶ್ರೀಧರ್. ವೈಟ್‌ಫೀಲ್ಡಿನ ಹೆಡ್ ಆಫೀಸಿನಲ್ಲಿ ಕೂತು ಡೇಟಾ ನೋಡಿಕೊಳ್ಳುವವನು, ಇವಳ ಕೊನೇ ತಮ್ಮನ ವಯಸ್ಸು, ಮರ್ಯಾದೆಗೇನೂ ಕಮ್ಮಿಯಿಲ್ಲ, ಮೇಡಂ ಮೇಡಂ ಅನ್ನುತ್ತಲೇ ಕತ್ತು ಕುಯ್ಯುತ್ತಾನೆ, ಮೇಡಂ ಒಂದು ಸೇವೆಗೆ ಒಂದೇ ಹೆಸರು, ಅದು ಸ್ಟ್ಯಾಂಡರ್ಡು, ನಿಮ್ ಖಾನೇಲಿ ಇರೋದು ಡೇಟಾ ಅಲ್ಲ, ಗಲೀಜು, ಕ್ಲೀನ್ ಮಾಡಿ ಟಿಕ್ ಹಾಕ್ಬಿಡಿ — ಯಾರಪ್ಪನ ಮನೆ ಸ್ಟ್ಯಾಂಡರ್ಡಯ್ಯಾ ಅದು, ವ್ಯಸನಮುಕ್ತಿ ಕೇಂದ್ರ ಎಲ್ಲಿದೆ ಅಂತ ಈ ಭೂಮಿಯ ಮೇಲೆ ಯಾವ ಹೆಂಡತಿ ಕೇಳಿದ್ದಾಳೆ, ಕುಡಿಯೋದು ಬಿಡಿಸ್ತಾರಲ್ಲ ಅದು ಎಲ್ಲೈತಕ್ಕಾ ಅನ್ನುತ್ತಾರೆ, ಕೌಟುಂಬಿಕ ದೌರ್ಜನ್ಯ ಅನ್ನುವುದಿಲ್ಲ, ಮನೇಲಿ ಸರಿಯಿಲ್ಲ ಅನ್ನುತ್ತಾರೆ ಅಷ್ಟೇ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಜಡ್ಡಾಗೇದ ಅನ್ನುತ್ತಾರೆ, ಇಲ್ಲಿಯವರು ಉಷಾರಿಲ್ಲ ಅನ್ನುತ್ತಾರೆ, ನಾನೂರ ಹನ್ನೆರಡು ಮಾತು, ಒಂದೊಂದನ್ನೂ ಯಾರೋ ನೋವು ತಿನ್ನುತ್ತ ಆಡಿದ್ದು. ಅಮ್ಮನನ್ನೂ ಬಿಟ್ಟಿರಲಿಲ್ಲ ಇವಳು, ಆನೇಕಲ್ ಕಡೆಯ ಹಳ್ಳಿ ಬಿಟ್ಟು ಆಚೆ ಬಾರದ ಪಿಳ್ಳಮ್ಮ, ನೀರು ನಿಂತೈತೆ ಅಂತೀವಿ ಕಣೆ, ಅಂಗಂದ್ರೆ ಬಸುರಿ ಅಂತ, ಅದನ್ನೂ ಬರ್ಕೋ ಅಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು, ನಗುತ್ತೀಯೇನಮ್ಮಾ, ನೀನು ನೀರು ನಿಂತೈತೆ ಅಂತ ಫೋನು ಮಾಡಿದರೆ ಶ್ರೀಧರನ ಸಾಫ್ಟ್‌ವೇರು ನಿನ್ನ ಮನೆಗೆ ನಲ್ಲಿ ರಿಪೇರಿಯವನನ್ನು ಕಳಿಸುತ್ತದೆ. ನಗು ಬರಬೇಕಿತ್ತು, ಬರಲಿಲ್ಲ, ಕಣ್ಣು ಮತ್ತೆ ಬಾಟಲಿಯ ಮೇಲೆ ಹೋಯಿತು.

ನೋಡಬೇಡ, ಟೈಪ್ ಮಾಡು. ಹೊಸ ಸಾಫ್ಟ್‌ವೇರು ಹುಡುಕುವುದು ಎರಡೇ ಕಡೆ, ಸೇವೆಯ ಹೆಸರಿನಲ್ಲಿ ಮತ್ತು ಸಂಸ್ಥೆಯ ಹೆಸರಿನಲ್ಲಿ, ಸೇವೆಯ ಹೆಸರಿಗೆ ಬೀಗ ಜಡಿದಿದ್ದಾರೆ, ಸಂಸ್ಥೆಯ ಹೆಸರಿನ ಖಾನೆಗೆ ಬೀಗ ಹಾಕುವುದನ್ನು ಮರೆತಿದ್ದಾರೆ, ನಿನ್ನೆ ಬೆಳಿಗ್ಗೆ ಅದು ಕಣ್ಣಿಗೆ ಬಿದ್ದಾಗಿನಿಂದ ಇವಳು ಒಂದೊಂದೇ ಮಾತನ್ನು ಎತ್ತಿ ಅಲ್ಲಿಗೆ ಸಾಗಿಸುತ್ತಿದ್ದಾಳೆ, ಬಿಡಿಸೋ ಕಡೆ, ಮನೇಲಿ ಸರಿಯಿಲ್ಲ, ಜಡ್ಡು, ಎಲ್ಲ ಆಯಿತು, ಹೆರಿಗೆ ಆಸ್ಪತ್ರೆಗಳನ್ನು ಕೊನೆಗೆ ಉಳಿಸಿಕೊಂಡದ್ದು ಯಾಕೆ ಅಂತ ತನಗೇ ಗೊತ್ತು — ಮೂರು ವರ್ಷದ ಹಿಂದೆ ಆವತ್ತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕರೆ ತೆಗೆದುಕೊಳ್ಳುತ್ತಿದ್ದವಳು ಇವಳೇ, ಬೇರೆ ಯಾರೂ ಅಲ್ಲ, ಸಿಂಗಸಂದ್ರದಿಂದ ಮಾತಾಡಾಕತ್ತೀನ್ರಿ, ಶೇಖವ್ವ ಅಂತ್ರಿ, ನನ್ನ ಮಗಳು ಸವಿತಾ ಹೊಟ್ಟೀಲೆ ಅದಾಳ್ರಿ, ಭಾಳ ನೋವು ಅಂತಾಳ, ಎಲ್ಲಿ ಒಯ್ಯಬೇಕ್ರಿ, ಹಿಂದುಗಡೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು, ಇವಳು ಹೊಟ್ಟೆ ಅಂತ ಹೊಡೆದಳು, ನೋವು ಅಂತ ಹೊಡೆದಳು, ಚಂದಾಪುರದ ಒಂದು ಹೊಟ್ಟೆ ಡಾಕ್ಟರ ಕ್ಲಿನಿಕ್ಕು ಬಂತು, ಬಸ್ ನಂಬರ್ ಸಮೇತ ಹೇಳಿದಳು, ಎಷ್ಟು ಚೆನ್ನಾಗಿ ಹೇಳಿದಳು. ಡಾಕ್ಟರು ಸಂಜೆ ಬರ್ತಾರೆ, ಅಲ್ಲೀವರೆಗೂ ಇದು ಕುಡಿಸಿ ಅಂತ ಕ್ಲಿನಿಕ್ಕಿನವನು ಬಾಟಲಿ ಕೊಟ್ಟನಂತೆ, ಹುಡುಗಿ ಮೆಟ್ಟಿಲ ಮೇಲೆ ಕೂತಿತ್ತಂತೆ, ಹೊಟ್ಟೆಯೊಳಗಿನದಕ್ಕೆ ಐದು ತಿಂಗಳು, ಬಾಟಲಿ ತೆರೆಯುವಷ್ಟು ಹೊತ್ತೂ ಸಿಗಲಿಲ್ಲವಂತೆ. ಎಂಟು ದಿನದ ಮೇಲೆ ಶೇಖವ್ವ ಈ ಮೆಟ್ಟಿಲು ಹತ್ತಿ ಬಂದಳು, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ, ಬಾಟಲಿಯನ್ನು ಮೇಜಿನ ಮೇಲಿಟ್ಟು ಅಂದಳು, ಸವಿತಾನ ಕೂಸು ಹೋತ್ರಿ, ನಾ ಹೊಟ್ಟೀಲೆ ಅದಾಳ ಅಂದಿದ್ನಲ್ರಿ ಅಕ್ಕಾರ, ನೀವು ಹೊಟ್ಟಿ ಅಂತ ತಿಳಕೊಂಡ್ರಿ. ಅವರ ಕಡೆ ಹೊಟ್ಟೀಲೆ ಅಂದರೆ ಬಸುರಿ, ಅಷ್ಟೇ, ಆ ಕಡೆಯ ಮಕ್ಕಳಿಗೂ ಗೊತ್ತಿರುವ ಮಾತು, ಹತ್ತು ವರ್ಷ ಫೋನಿನಲ್ಲಿ ಕನ್ನಡ ಕೇಳಿದ ಇವಳಿಗೆ ಗೊತ್ತಿರಲಿಲ್ಲ. ಮಾರನೇ ದಿನವೇ ಆ ಖಾನೆ ಮಾಡಿದಳು, ಮೊದಲ ಮಾತು ಅದನ್ನೇ ಬರೆದಳು.

ಫೋನು, ಶ್ರೀಧರನೇ, ಹೆಸರುಗಳು ಬದಲಾಗುತ್ತಿರುವುದು ಅವನಿಗೆ ಅಲ್ಲಿ ಕಾಣಿಸಿದೆ, ದನಿಯಲ್ಲಿ ಮೇಡಂ ಇನ್ನೂ ಇದೆ, ಮರ್ಯಾದೆ ತೆಳುವಾಗಿದೆ, ಮೇಡಂ ಏನ್ಮಾಡ್ತಿದ್ದೀರ, ಆಸ್ಪತ್ರೆ ಹೆಸರಿನ ಮುಂದೆ ಬಸುರಿ ನೀರು ನಿಂತೈತೆ ಹೊಟ್ಟೀಲೆ ಅಂತೆಲ್ಲ ಬರ್ತಿದೆ, ನಾನು ಮೇಲಿನವರಿಗೆ ರಿಪೋರ್ಟ್ ಮಾಡ್ಬೇಕಾಗುತ್ತೆ, ನಿಮ್ ಹೆಸರು ಬರುತ್ತೆ. ಕೆಲಸ ಹೋಗುವುದಾ, ಹೋಗಲಿ, ಕೈ ಮಾತ್ರ ನಿಲ್ಲಲಿಲ್ಲ, ಒಂದು ಕಿವಿಗೆ ಫೋನು ಒತ್ತಿಕೊಂಡೇ ಇನ್ನು ನಾಲ್ಕು ಬಾಕಿ, ಇನ್ನು ಮೂರು, ಬರ್ಕೊಳ್ಳಿ ಸಾರ್, ಶೋಭಾರಾಣಿ ಅಂತ ಬರ್ಕೊಳ್ಳಿ, ಎರಡೆರಡು ಹೆಸರು ಹಾಕ್ಬೇಡಿ, ಸ್ಟ್ಯಾಂಡರ್ಡು ಕೆಡುತ್ತೆ. ನಾಳೆ ಕೂತ್ಕೊಂಡು ಎಲ್ಲಾ ತೆಗೀತೀನಿ ಅಂದ. ತೆಗೀರಿ, ನಾಡಿದ್ದು ನಾನು ಮತ್ತೆ ಹಾಕ್ತೀನಿ, ನಾನಿಲ್ಲದಿದ್ರೆ ನನ್ ಜಾಗಕ್ಕೆ ಬಂದೋರಿಗೆ ಹೇಳ್ಕೊಟ್ಟು ಹೋಗ್ತೀನಿ ಅಂದು ಫೋನು ಮಗುಚಿಟ್ಟಳು, ಕೊನೆಯದು, ಹೆರಿಗೆ ಆಸ್ಪತ್ರೆ ಬಸುರಿ ಗರ್ಭಿಣಿ ನೀರು ನಿಂತೈತೆ ಹೊಟ್ಟೀಲೆ, ಉಳಿಸು, ಉಳಿಯಿತು.

ನಾಲ್ಕು. ಪರದೆ ಕಪ್ಪಾಗಿ ಬೆಳ್ಳಗಾಯಿತು, ಕೆಂಪು ಖಾನೆ ಇಲ್ಲ, ಇರುವುದು ಹುಡುಕುವ ಒಂದೇ ಗೆರೆ, ಹೊಟ್ಟೀಲೆ ಅಂತ ಹೊಡೆದಳು, ಕರೆ ಮಾಡಿದವರು ಎಲ್ಲಿದ್ದಾರೆ ಅಂತ ಕೇಳಿತು, ಸಿಂಗಸಂದ್ರ, ಚಕ್ರ ತಿರುಗಿತು, ಬಂದವು, ಮೂವತ್ತೇಳೂ ಬಂದವು, ಬಂತಲ್ಲೋ ಶ್ರೀಧರ, ನೋಡೋ ನಿನ್ನ ಗಲೀಜನ್ನ — ಮೊದಲನೆಯದು ಸಿಂಗಸಂದ್ರದ್ದೇ, ಹಗಲೂ ರಾತ್ರಿ ತೆರೆದಿರುತ್ತದೆ, ದೂರ ಎಂಟುನೂರು ಮೀಟರ್, ಎಂಟುನೂರು, ನಡೆದರೆ ಹತ್ತು ನಿಮಿಷ, ಆ ಆಸ್ಪತ್ರೆ ಆವತ್ತೂ ಇತ್ತು, ಪಟ್ಟಿಯಲ್ಲೂ ಇತ್ತು, ಇದೇ ಪರದೆಯಲ್ಲಿ, ಇವಳ ಕೈಯಳತೆಯಲ್ಲಿ, ಬಸ್ ನಂಬರ್ ಬೇಕಿರಲಿಲ್ಲ, ಹತ್ತು ನಿಮಿಷ — ಬಿಸಿಲು ಕೀಬೋರ್ಡಿನಿಂದ ಹೋಗಿದೆ, ಬಾಟಲಿ ಇದೆ, ತಳದಲ್ಲಿ ಗಟ್ಟಿಯಾಗಿ ಕೂತ ಗುಲಾಬಿ, ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಸೀಲು, ಯಾರೂ ಒಡೆಯದ ಸೀಲು.